ನಾಲ್ಕು ಎಕರೆ ದೇವರಕಾಡು: ಸಸಿ ನೆಡುವ ಮೊದಲು ಪಹಣಿ ನೋಡಿ

ಪ್ರಶ್ನೆ: ನಮ್ಮೂರು ಸಕಲೇಶಪುರ ತಾಲ್ಲೂಕಿನ ಘಟ್ಟದ ಅಂಚಿನಲ್ಲಿದೆ. ಊರಿನ ಮೇಲ್ಭಾಗದಲ್ಲಿ ನಾಲ್ಕು ಎಕರೆಯಷ್ಟು ದೇವರಕಾಡು ಇದೆ. ಬೀಟೆ, ನಂದಿ, ಧೂಪ, ಹೆಬ್ಬಲಸಿನ ದೊಡ್ಡ ಮರಗಳಿವೆ. ಎರಡು ವರ್ಷದಿಂದ ಒಂದು ಬದಿಯ ಅಂಚು ಒಳಗೆ ಸರಿಯುತ್ತಿದೆ. ಪಕ್ಕದ ತೋಟದವರು ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕಿದ್ದಾರೆ. ಒಂದು ಕಚೇರಿಯಲ್ಲಿ ಕೇಳಿದರೆ ಇದು ಕಂದಾಯ ಜಾಗ ಎನ್ನುತ್ತಾರೆ. ಇನ್ನೊಂದು ಕಚೇರಿಗೆ ಹೋದರೆ ಮರ ಇದೆಯಲ್ಲ, ಕಾಡೇ ಇರಬೇಕು ಎನ್ನುತ್ತಾರೆ. ಊರಿನ ಕೆಲವರು ದೇವರಿಗೆ ಆರ್‌ಸಿಸಿ ಗುಡಿ ಕಟ್ಟಿಸೋಣ ಎಂದು ಹೊರಟಿದ್ದಾರೆ. ಇನ್ನು ಕೆಲವರು ಕಾಡು ಉಳಿಸಿದರೆ ಆನೆ ಬರುತ್ತೆ ಎಂದು ನಮ್ಮನ್ನೇ ಬೈಯುತ್ತಾರೆ. ನಾವು ಏಳು ಜನ ಸೇರಿ ಈ ಮಳೆಗಾಲಕ್ಕೆ ಸಾವಿರ ಸಸಿ ನೆಡೋಣ ಎಂದುಕೊಂಡಿದ್ದೇವೆ. ಯಾವ ಸಸಿ ಒಳ್ಳೆಯದು?

ಉತ್ತರ: ಸಸಿಯ ಮಾತು ಕೊನೆಗೆ ಆಡೋಣ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಸಾವಿರ ಸಸಿಯ ಮೇಲಲ್ಲ, ‘ಅಂಚು ಒಳಗೆ ಸರಿಯುತ್ತಿದೆ’ ಎಂಬ ಮಾತಿನ ಮೇಲೆ.

ನಾನು ಮೂಡಿಗೆರೆ ಕಡೆಯವನು. ಇಪ್ಪತ್ತೈದು ವರ್ಷದ ಹಿಂದೆ ನಾವೂ ಹೀಗೇ ಶುರು ಮಾಡಿದೆವು. ಜೂನ್‌ನಲ್ಲಿ ಗುಂಡಿ ತೆಗೆದು ಸಸಿ ನೆಟ್ಟೆವು. ಫೋಟೋ ತೆಗೆಸಿಕೊಂಡೆವು, ಉಪ್ಪಿಟ್ಟು ತಿಂದೆವು. ಮುಂದಿನ ಬೇಸಿಗೆಗೆ ಅರ್ಧ ದನದ ಹೊಟ್ಟೆಗೆ ಹೋಯಿತು, ಅರ್ಧ ಬೆಂಕಿಗೆ ಹೋಯಿತು. ಅದು ಅಷ್ಟು ದೊಡ್ಡ ನಷ್ಟ ಅಲ್ಲ. ಬನದ ಪಡುವಣ ಬದಿಯ ಒಂದು ಎಕರೆ ಅಷ್ಟರಲ್ಲಿ ಬೇರೆಯವರ ಹೆಸರಿನ ಪಹಣಿಗೆ ಸೇರಿಬಿಟ್ಟಿತ್ತು. ನಾವು ಗುಂಡಿ ತೋಡುತ್ತಿದ್ದಾಗ ಅವರು ಅರ್ಜಿ ಬರೆಯುತ್ತಿದ್ದರು. ನೆಟ್ಟ ಸಸಿ ಸತ್ತರೆ ಮತ್ತೆ ನೆಡಬಹುದು. ಇನ್ನೂರು ವರ್ಷದ ನಂದಿ ಮರ ನಿಂತ ಜಾಗ ಕೈಬಿಟ್ಟು ಹೋದರೆ ವಾಪಸು ತರುವುದು ಬಹಳ ಕಷ್ಟ.

ಹಾಗಾಗಿ ಮೊದಲ ಕೆಲಸ ನಾಲ್ಕು ಎಕರೆಯ ಕುಲಗೋತ್ರ ಹುಡುಕುವುದು. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಬನದೊಳಗೆ ಹೋಗಿ ನಿಲ್ಲಿ. ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ದಟ್ಟ ಮರದಡಿ ಹತ್ತಿಪ್ಪತ್ತು ಮೀಟರ್ ಆಚೀಚೆ ಆಗಬಹುದು, ಅದನ್ನೇ ಗಡಿ ಎಂದು ಜಗಳಕ್ಕೆ ಹೋಗಬೇಡಿ. ನಂಬರ್ ಸಿಕ್ಕ ಮೇಲೆ ಪಹಣಿ ತೆಗೆಸಿ. ಅಷ್ಟಕ್ಕೇ ನಿಲ್ಲಿಸಬೇಡಿ. ಗ್ರಾಮ ನಕ್ಷೆ, ಆಕಾರಬಂದ್ (ಸರ್ವೆ ನಂಬರ್‌ವಾರು ವಿಸ್ತೀರ್ಣದ ದಾಖಲೆ), ಹಳೆಯ ಟಿಪ್ಪಣಿ (ಸರ್ವೆಯವರ ಅಳತೆಯ ನಕ್ಷೆ) ಇವುಗಳ ನಕಲಿಗೂ ಅರ್ಜಿ ಹಾಕಿ. ಈಗಿನ ಪಹಣಿಯಲ್ಲಿ ಸುಮ್ನೆ ‘ಸರ್ಕಾರಿ’ ಎಂದಿದ್ದರೂ ಹಳೆಯ ಕಾಗದದಲ್ಲಿ ‘ದೇವರಕಾಡು’ ಎಂದೋ ‘ಕಾಡು’ ಎಂದೋ ಇರುವುದುಂಟು. ಆ ಒಂದು ಪದ ಸಿಕ್ಕರೆ ನಿಮ್ಮ ಅರ್ಧ ಕೆಲಸ ಆದಂತೆ.

ಕಾಡು ಎನ್ನುವುದು ಸರ್ಕಾರದ ಲೆಕ್ಕದಲ್ಲಿ ಒಂದೇ ಬಗೆಯದಲ್ಲ. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಒಂದು ಜಾಗವನ್ನು ಮೀಸಲು ಅರಣ್ಯ ಮಾಡುತ್ತೇವೆ ಎಂದು ಮೊದಲು ಸೆಕ್ಷನ್ 4ರಲ್ಲಿ ಪ್ರಕಟಣೆ ಹೊರಡುತ್ತದೆ. ಆಕ್ಷೇಪಣೆ, ಹಕ್ಕುಗಳ ವಿಚಾರಣೆ ಎಲ್ಲ ಮುಗಿದ ಮೇಲೆ ಸೆಕ್ಷನ್ 17ರಲ್ಲಿ ಅದು ಪಕ್ಕಾ ಮೀಸಲು ಅರಣ್ಯವಾಗುತ್ತದೆ. ಮಲೆನಾಡಿನಲ್ಲಿ ಎಷ್ಟೋ ಜಾಗ ಸೆಕ್ಷನ್ 4ರಲ್ಲೇ ದಶಕಗಟ್ಟಲೆ ಕೂತಿದೆ. ಇದರ ಜೊತೆಗೆ ಡೀಮ್ಡ್ ಅರಣ್ಯ ಎಂಬುದೊಂದಿದೆ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ ಒಂದು ಮುಖ್ಯ ಮಾತು ಹೇಳಿತು. ಮಾಲೀಕ ಯಾರೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲ ಕಾನೂನಿನ ಕಣ್ಣಿಗೂ ಕಾಡೇ ಎಂದಿತು. ಅದರಂತೆ ರಾಜ್ಯಗಳು ಪಟ್ಟಿ ಮಾಡಬೇಕಾಯಿತು. ನಮ್ಮ ರಾಜ್ಯದಲ್ಲಿ ಮೊದಲು 9 ಲಕ್ಷ ಹೆಕ್ಟೇರ್ ದಾಟಿದ್ದ ಪಟ್ಟಿ 2022ರ ಹೊತ್ತಿಗೆ ಸುಮಾರು 3.3 ಲಕ್ಷ ಹೆಕ್ಟೇರ್‌ಗೆ ಇಳಿಯಿತು. ಆಮೇಲೆ 2023ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ ತಿದ್ದುಪಡಿಯಾಗಿ ಕಾಡು ಎಂಬುದರ ಅರ್ಥ ಕಿರಿದಾಯಿತು. 2024ರ ಫೆಬ್ರವರಿಯಲ್ಲಿ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು, ಸದ್ಯಕ್ಕೆ 1996ರ ಅರ್ಥವನ್ನೇ ಹಿಡಿದು ನಡೆಯಿರಿ ಎಂದಿತು. ನಿಮ್ಮ ಸರ್ವೆ ನಂಬರ್ ಆ ಪಟ್ಟಿಯಲ್ಲಿದೆಯೇ, ಇದ್ದು ಕೈಬಿಟ್ಟಿದ್ದಾರೆಯೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಒಂದು ಪ್ರಶ್ನೆ, ಒಂದು ಸರ್ವೆ ನಂಬರ್. ಉದ್ದದ ಭಾಷಣ ಬರೆದರೆ ಉತ್ತರವೂ ಉದ್ದಕ್ಕೆ ಬರುತ್ತದೆ, ವಿಷಯ ಇರುವುದಿಲ್ಲ.

ಅದೇ ಅರ್ಜಿಯಲ್ಲಿ ಅಲ್ಲ, ಬೇರೆ ಅರ್ಜಿಯಲ್ಲಿ, ಆ ಸರ್ವೆ ನಂಬರ್ ಮೇಲೆ ಫಾರಂ 50, 53 ಅಥವಾ 57ರಲ್ಲಿ (ಸರ್ಕಾರಿ ಜಾಗದ ಸಾಗುವಳಿಯನ್ನು ತಮ್ಮ ಹೆಸರಿಗೆ ಕೇಳುವ ಅರ್ಜಿಗಳು) ಸಕ್ರಮಕ್ಕೆ ಯಾರಾದರೂ ಕೇಳಿದ್ದಾರೆಯೇ ಎಂದೂ ವಿಚಾರಿಸಿ. ಅಂಚು ಸುಮ್ನೆ ಸರಿಯುವುದಿಲ್ಲ. ಮೊದಲು ಒಂದು ಸಾಲು ಕಾಫಿ ಗಿಡ ಬರುತ್ತದೆ, ಆಮೇಲೆ ಬೇಲಿ ಬರುತ್ತದೆ. ಆ ಹೊತ್ತಿಗೆ ಎಲ್ಲೋ ಒಂದು ಫೈಲು ಓಡಾಡುತ್ತಿರುತ್ತದೆ. ಇದ್ದರೆ ತಹಶೀಲ್ದಾರರಿಗೆ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಎರಡು ಕಚೇರಿಯವರು ನಿಮ್ಮನ್ನು ಆಚೆಯಿಂದ ಈಚೆಗೆ ಓಡಾಡಿಸುತ್ತಿರುವುದಕ್ಕೆ ಮದ್ದು ಒಂದೇ, ಜಂಟಿ ಸರ್ವೆ. ಕಂದಾಯ ಮತ್ತು ಅರಣ್ಯ ಎರಡೂ ಕಡೆಯ ಸರ್ವೆಯವರು ಒಂದೇ ದಿನ ಬಂದು ಅಳೆದು ಕಲ್ಲು ಹಾಕಬೇಕು ಎಂದು ಗ್ರಾಮ ಪಂಚಾಯಿತಿಯ ನಿರ್ಣಯದ ಸಮೇತ ಅರ್ಜಿ ಕೊಡಿ. ಏಳು ಹುಡುಗರ ಸಹಿಗಿಂತ ಪಂಚಾಯಿತಿ ನಿರ್ಣಯದ ಒಂದು ಹಾಳೆಗೆ ತೂಕ ಜಾಸ್ತಿ.

ಅಷ್ಟರಲ್ಲಿ ಮರಗಳ ಲೆಕ್ಕ ಆಗಲಿ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳಿ. ಮರದ ಹೆಸರು, ಅಳತೆ, ಫೋಟೋ, ಜಾಗದ ಗುರುತು ಇಷ್ಟು ಸಾಕು. ಬುಡದ ಫೋಟೋ ಮರೆಯಬೇಡಿ. ಮರ ಕೊಲ್ಲುವವರು ಈಗ ಗರಗಸ ತರುವುದಿಲ್ಲ. ಬುಡದ ತೊಗಟೆಯನ್ನು ಸುತ್ತಲೂ ಕೆತ್ತಿ ಬಿಡುತ್ತಾರೆ, ಇಲ್ಲವೇ ತೂತು ಕೊರೆದು ಔಷಧಿ ಸುರಿಯುತ್ತಾರೆ. ವರ್ಷದಲ್ಲಿ ಮರ ಒಣಗುತ್ತದೆ. ಒಣಗಿದ ಮರಕ್ಕೆ ಕಡಿಯುವ ಅನುಮತಿ ಸುಲಭ. ಹೋದ ವರ್ಷ ಇದೇ ಮರ ಹಸಿರಾಗಿತ್ತು, ಬುಡ ಸರಿಯಾಗಿತ್ತು ಎಂದು ತೋರಿಸಲು ತಾರೀಕು ಇರುವ ಫೋಟೋ ಬೇಕಾಗುತ್ತದೆ. ಕಡಿಯುವುದು ಕಣ್ಣಿಗೆ ಬಿದ್ದರೆ ನೀವೇ ಎದುರು ಹೋಗಬೇಡಿ, ರಾತ್ರಿ ಹೊತ್ತಂತೂ ಬೇಡವೇ ಬೇಡ. ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಅದರಲ್ಲೂ ಬೀಟೆ ಮರದ ಮೇಲೆ ಕಣ್ಣಿರಲಿ. ಅದಕ್ಕೆ ಹೊರದೇಶದಲ್ಲೂ ಗಿರಾಕಿ ಇದೆ. ಕಳ್ಳಸಾಗಣೆ ಮಿತಿಮೀರಿದ್ದಕ್ಕೇ ಬೀಟೆಯ ಇಡೀ ಬಳಗದ ಅಂತಾರಾಷ್ಟ್ರೀಯ ವ್ಯಾಪಾರವನ್ನು 2017ರಿಂದ ನಿಯಂತ್ರಣಕ್ಕೆ ತಂದಿದ್ದಾರೆ.

ಈ ಲೆಕ್ಕದ ಪುಸ್ತಕಕ್ಕೆ ಇನ್ನೊಂದು ಉಪಯೋಗವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ ಮರ ಪ್ರಾಣಿಗಳ ದಾಖಲೆ ಪುಸ್ತಕವೂ ಇರಬೇಕು. ಹೆಚ್ಚಿನ ಕಡೆ ಸಮಿತಿ ಹೆಸರಿಗೆ ಮಾತ್ರ ಇರುತ್ತದೆ. ಅದು ನಿಮಗೆ ಅನುಕೂಲವೇ. ಖಾಲಿ ಕುರ್ಚಿಯಲ್ಲಿ ನೀವು ಹೋಗಿ ಕೂರಬಹುದು. ನಿಮ್ಮ ಬನವನ್ನು ಆ ಪುಸ್ತಕಕ್ಕೆ ಸೇರಿಸಿ. ಇದೇ ಕಾಯ್ದೆಯಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸುವ ದಾರಿಯೂ ಇದೆ. ಚಿಕ್ಕಮಗಳೂರು ಜಿಲ್ಲೆಯ ಹೊಗರೇಕಾನಿಗೆ ಆ ಪಟ್ಟ ಸಿಕ್ಕಿದೆ. ಅದು ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ ಕಡೆಯ ಬೆಟ್ಟಗಳನ್ನು ಭದ್ರಾ ಕಾಡಿಗೆ ಸೇರಿಸುವ ಶೋಲಾ ಕಾಡು ಮತ್ತು ಹುಲ್ಲುಗಾವಲಿನ ಜಾಗ, ಎರಡು ಸಾವಿರ ಎಕರೆಗೂ ಹೆಚ್ಚು. ನಿಮ್ಮ ನಾಲ್ಕು ಎಕರೆಗೆ ಅದು ದೂರದ ಮಾತು. ದಾಖಲೆ ಪುಸ್ತಕಕ್ಕೆ ಸೇರಿಸುವುದಕ್ಕೆ ಮಾತ್ರ ಖರ್ಚಿಲ್ಲ, ನಾಳೆ ರಸ್ತೆಯೋ ಲೈನೋ ಬಂದಾಗ ಕೈಯಲ್ಲಿ ಒಂದು ಸರ್ಕಾರಿ ಕಾಗದ ಇರುತ್ತದೆ.

ಈಗ ಪಕ್ಕದ ತೋಟ. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು. ಸಿಲ್ವರ್ ಓಕ್ ಹಾಕಿದವರನ್ನೆಲ್ಲ ಕಾಡಿನ ವೈರಿ ಎಂದು ಬೈಯುವುದು ಸುಲಭ. ನನ್ನ ತೋಟದಲ್ಲೂ ಸಿಲ್ವರ್ ಓಕ್ ಇದೆ, ಮುಚ್ಚಿಡುವುದೇನು? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ನಮ್ಮದೇ ತೋಟದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ಆದರೆ ಕೆಲವು ಮರಗಳಿಗೆ ವಿನಾಯಿತಿ ಇದೆ. ಸಿಲ್ವರ್ ಓಕ್, ನೀಲಗಿರಿ, ಗಾಳಿ ಮರ, ರಬ್ಬರ್ ಅಂಥವು. ಆಸ್ಟ್ರೇಲಿಯಾದಿಂದ ಬಂದ ಮರಕ್ಕೆ ಅನುಮತಿ ಬೇಡ, ಇಲ್ಲೇ ಹುಟ್ಟಿದ ನಂದಿಗೆ, ಹೊನ್ನೆಗೆ ಬೇಕು. ಬೆಳೆಗಾರ ಏನು ಮಾಡುತ್ತಾನೆ? ಮಗಳ ಮದುವೆಗೋ ಸಾಲಕ್ಕೋ ಬೇಕಾದಾಗ ಮಾರಲು ಬರುವ ಮರವನ್ನೇ ಬೆಳೆಸುತ್ತಾನೆ. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಚೆನ್ನ, ಮರಗಸಿಯ, ಅಂದರೆ ನೆರಳಿನ ಕೊಂಬೆ ಸವರುವ, ಖರ್ಚೂ ಕಮ್ಮಿ. ಮೆಣಸು ಹಬ್ಬಿಸುತ್ತಿದ್ದ ಹಾಲುವಾಣದ ಮರಕ್ಕೆ ಗಂಟು ಮಾಡುವ ಕಣಜದ ಕಾಟ ಬಂದ ಮೇಲಂತೂ ಮೆಣಸಿಗೆ ಬೇರೆ ಆಸರೆ ಹುಡುಕಲೇಬೇಕಾಯಿತು.

ಇದರ ನಿಜವಾದ ಪೆಟ್ಟು ದೊಡ್ಡ ಮರ ಕಡಿಯುವುದರಲ್ಲಿ ಮಾತ್ರ ಇಲ್ಲ. ತೋಟದಲ್ಲಿ ನಂದಿ, ಹೊನ್ನೆ, ಮತ್ತಿಯ ಸಸಿ ತಾನಾಗಿ ಹುಟ್ಟುತ್ತವೆ. ಕಳೆ ಹೊಡೆಯುವಾಗ ಕತ್ತಿಗೆ ಸಿಕ್ಕಿ ಹೋಗುತ್ತವೆ. ಅದಕ್ಕೆ ಅನುಮತಿಯೂ ಬೇಡ, ಕೇಸೂ ಇಲ್ಲ. ಬೆಳೆಸಿದರೆ ಮುಂದೆ ತೊಡಕು, ಈಗಲೇ ಹೋಗಲಿ ಎಂದು ಬೇಕೆಂದೇ ಕತ್ತರಿಸುವವರೂ ಇದ್ದಾರೆ. ಹೀಗೆ ಮೂವತ್ತು ವರ್ಷ ನಡೆದರೆ ತೋಟದಲ್ಲಿ ಮುದಿ ಮರ ಇರುತ್ತದೆ, ಎಳೆ ಮರ ಇರುವುದಿಲ್ಲ. ಮರ ಉಳಿಸಲು ಮಾಡಿದ ಕಾನೂನು ಸಸಿಗೆ ಮುಳುವಾಯಿತು ಎಂದೇ ನನ್ನ ಅಭಿಪ್ರಾಯ. ಕಾನೂನು ಬೇಡ ಎನ್ನುತ್ತಿಲ್ಲ. ಅದು ಇಲ್ಲದಿದ್ದರೆ ಮುದಿ ಮರವೂ ಇರುತ್ತಿರಲಿಲ್ಲ.

ಹಾಗಾಗಿ ಪಕ್ಕದವರ ಮನೆಗೆ ದೂರು ಹಿಡಿದು ಹೋಗಬೇಡಿ. ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು, ಕಾಫಿ ಕುಡಿಯಲು ಹೋಗಿ. ಬನದ ಬದಿಯ ಎರಡು ಸಾಲಿನಲ್ಲಿ ತಾನಾಗಿ ಹುಟ್ಟಿದ ಹತ್ತು ಕಾಡುಸಸಿಗೆ ಗೂಟ ಹೊಡೆದು ಬಿಡಿ, ಕಳೆ ಹೊಡೆಯುವವರಿಗೆ ಹೇಳಿ ಎಂದು ಕೇಳಿ. ಇಷ್ಟೇ. ಅವರದು ಅರೇಬಿಕಾ ಆಗಿದ್ದರೆ ನಿಮ್ಮ ಮಾತಿಗೆ ಬಲ ಇದೆ. ಬಿಸಿಲು ಜಾಸ್ತಿ ಬಿದ್ದ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಹುಳು ಬೇಗ ಹತ್ತುತ್ತದೆ. ಮೇಲೆ ಅತ್ತಿ, ಬಸರಿ, ಹಲಸು, ನಂದಿಯಂಥ ಮರ, ಕೆಳಗೆ ಹಾಲುವಾಣ, ಹೀಗೆ ಎರಡು ಹಂತದ ನೆರಳು ಹಳೆಯ ಬೆಳೆಗಾರರ ಪದ್ಧತಿ. 1925ರಿಂದ ನಮ್ಮ ಬಾಳೆಹೊನ್ನೂರಿನಲ್ಲಿರುವ ಕಾಫಿ ಸಂಶೋಧನಾ ಕೇಂದ್ರದವರು ಹೇಳುವುದೂ ಅದನ್ನೇ. ರೋಬಸ್ಟಾ ಆಗಿದ್ದರೆ ಈ ವಾದ ಅಷ್ಟು ನಡೆಯುವುದಿಲ್ಲ, ಅದಕ್ಕೆ ನೆರಳು ಕಮ್ಮಿ ಸಾಕು. ಆಗ ನೀರಿನ ಮಾತು ಆಡಿ. ನಿಮ್ಮ ಬನದ ಕೆಳಗೆ ಒಂದು ಒರತೆ ಇದ್ದೇ ಇರುತ್ತದೆ, ಅದು ಹರಿಯುವುದು ಅವರ ಕೆರೆಗೇ ಇರಬಹುದು. ಹೋಗಿ ನೋಡಿ.

ಆನೆಯ ಮಾತು ಬೈಗುಳವಲ್ಲ, ಭಯ. ಆಲೂರು, ಸಕಲೇಶಪುರ ಕಡೆ ಮನೆಯವರನ್ನು ಕಳೆದುಕೊಂಡವರು ಇದ್ದಾರೆ. ಅವರೆದುರು ಪರಿಸರ ಪಾಠ ಹೇಳಲು ಹೋಗಬೇಡಿ. 2014ರಲ್ಲಿ ಆಲೂರು ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು. ಆಮೇಲೂ ಆನೆ ಬಂದವು. ಇಲ್ಲಿನ ಆನೆಗಳು ಕಾಡಿನಿಂದ ತೋಟಕ್ಕೆ ಇಳಿದು ಬೆಳಗಾಗುವಷ್ಟರಲ್ಲಿ ವಾಪಸಾಗುವವಲ್ಲ. ತೋಟದಲ್ಲೇ ವಾಸ ಮಾಡುತ್ತವೆ. ಅಲ್ಲಿ ನೆರಳಿದೆ, ಕೆರೆಯಿದೆ, ಹಲಸಿದೆ, ಬಾಳೆಯಿದೆ, ಪಕ್ಕದಲ್ಲಿ ಭತ್ತದ ಗದ್ದೆಯಿದೆ. ನಾಲ್ಕು ಎಕರೆ ಬನ ಕಡಿದರೆ ಆನೆ ಬರುವುದು ನಿಲ್ಲುವುದಿಲ್ಲ. ಆದರೆ ಬನದ ಒಳಗೆ ಆನೆ ಹಗಲು ನಿಲ್ಲಬಹುದು ಎನ್ನುವುದೂ ಸುಳ್ಳಲ್ಲ. ಅದಕ್ಕೇ ಬನದ ಪಕ್ಕದ ಕಾಲುದಾರಿಯ ಎರಡೂ ಬದಿ ಲಂಟಾನ ಸವರಿ, ದೂರಕ್ಕೆ ಕಣ್ಣು ಹಾಯುವಂತೆ ಇಡಿ. ಶಾಲೆ ಮಕ್ಕಳು, ಕೂಲಿಯವರು ಓಡಾಡುವ ದಾರಿ ಅದು. ಆ ಕೆಲಸ ಮೊದಲು ಮಾಡಿ ತೋರಿಸಿದರೆ ಬೈಯುವ ಬಾಯಿ ಅರ್ಧ ಮುಚ್ಚುತ್ತದೆ.

ಗುಡಿಯ ವಿಷಯ. ಇದರಲ್ಲಿ ನೀವು ಸೋಲುವ ಸಾಧ್ಯತೆ ಹೆಚ್ಚು, ಮೊದಲೇ ಹೇಳಿಬಿಡುತ್ತೇನೆ. ಕೊಡಗಿನಲ್ಲಿ ದಾಖಲೆಯಲ್ಲಿರುವ ದೇವರಕಾಡುಗಳೇ ಸಾವಿರದ ಇನ್ನೂರು ದಾಟುತ್ತವೆ. ಅಲ್ಲಿಯೂ ಇಲ್ಲಿಯೂ ನಾನು ನೋಡಿದ ಕಥೆ ಒಂದೇ. ಮರದ ಬುಡದಲ್ಲಿ ಬಯಲಲ್ಲೇ ಕೂತಿದ್ದ ಕಲ್ಲಿನ ದೇವರಿಗೆ ಚಾವಣಿ ಬರುತ್ತದೆ. ಚಾವಣಿ ಬಂದ ಮೇಲೆ ಸಾಮಾನು ತರಲು ಟ್ರ್ಯಾಕ್ಟರ್ ದಾರಿ ಬೇಕು. ಆಮೇಲೆ ಅಡುಗೆ ಮನೆ, ಶಾಮಿಯಾನ ಹಾಕುವ ಜಾಗ, ಕರೆಂಟಿನ ಲೈನು. ಗುಡಿಯ ಮೇಲೆ ಕೊಂಬೆ ಬೀಳುತ್ತದೆ ಎಂದು ದೊಡ್ಡ ಮರವೇ ಮೊದಲು ಹೋಗುತ್ತದೆ. ‘ಬನದ ಮರಕ್ಕೆ ಕತ್ತಿ ತಾಗಿಸಬಾರದು’ ಎಂದು ಅಜ್ಜ ಹಾಕಿದ ಕಟ್ಟುಪಾಡನ್ನು ಮೊಮ್ಮಗ ಭಕ್ತಿಯಿಂದಲೇ ಮುರಿಯುತ್ತಾನೆ. ಬೇಡ ಎಂದರೆ ನಿಮ್ಮನ್ನು ದೇವರ ವಿರೋಧಿ ಮಾಡುತ್ತಾರೆ. ಬೇಡ ಎನ್ನಬೇಡಿ. ಗುಡಿ ಊರಿನ ಕಡೆಯ ಅಂಚಿನಲ್ಲಿ, ಮರ ಇಲ್ಲದ ಕಡೆ ಆಗಲಿ, ಮೂಲಸ್ಥಾನ ಇದ್ದ ಹಾಗೇ ಇರಲಿ ಎನ್ನಿ. ಪೂಜೆ ಮಾಡುವ ಮನೆತನದವರನ್ನು, ಅದರಲ್ಲೂ ಅಜ್ಜಿಯರನ್ನು ಮೊದಲು ಕಂಡು ಮಾತಾಡಿ. ಕಟ್ಟುಪಾಡು ಸರಿಯಾಗಿ ನೆನಪಿರುವುದು ಅವರಿಗೇ. ನಿಮ್ಮ ಏಳು ಜನರಲ್ಲಿ ಒಬ್ಬ ಹೆಣ್ಣುಮಗಳೂ ಇರುವ ಹಾಗೆ ಪತ್ರದಲ್ಲಿ ಕಾಣಲಿಲ್ಲ. ಸೊಪ್ಪು, ಸೌದೆ, ಒರತೆ ನೀರು ಎಲ್ಲಿ ಎಂದು ಬಲ್ಲವರು ಇಲ್ಲದೆ ಬನ ಕಾಯುವ ತಂಡ ಹೇಗೆ ಆಗುತ್ತದೆ?

1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿ ಕಾಡಿನಲ್ಲಿ ಅಪ್ಪಿಕೋ ಶುರುವಾದಾಗ ಊರಿನ ಹೆಂಗಸರೂ ಮರ ಅಪ್ಪಿಕೊಂಡು ನಿಂತಿದ್ದರು. ಆ ಚಳವಳಿಯ ಘೋಷಣೆ ನಿಮಗೆ ಗೊತ್ತಿರಬಹುದು: ಉಳಿಸು, ಬೆಳೆಸು, ಬಳಸು. ಅದರ ವರಸೆ ಗಮನಿಸಿ. ಬೆಳೆಸುವುದು ಎರಡನೆಯದು. ಅಂದು ಎದುರಿಗಿದ್ದದ್ದು ಗುತ್ತಿಗೆದಾರರ ಕೊಡಲಿ, ಹಗಲು ಹೊತ್ತು ಕಣ್ಣಿಗೆ ಕಾಣುತ್ತಿತ್ತು. ನಿಮ್ಮೆದುರು ಇರುವುದು ಜೆಸಿಬಿ ಮತ್ತು ಜೆರಾಕ್ಸ್ ಕಾಗದ. ಅಪ್ಪಿಕೊಂಡರೆ ಆಗುವ ಕೆಲಸವಲ್ಲ. ನಿಮ್ಮ ತಾಲ್ಲೂಕಿಗೂ ಇದು ಹೊಸದೇನಲ್ಲ. ಗುಂಡ್ಯ ಜಲವಿದ್ಯುತ್ ಯೋಜನೆಗೆ ಆ ಭಾಗದ ಹಳ್ಳಿಯವರು ತಕರಾರು ತೆಗೆದರು. ಪಶ್ಚಿಮ ಘಟ್ಟದ ಬಗ್ಗೆ ಕೇಂದ್ರ ನೇಮಿಸಿದ್ದ ಗಾಡ್ಗೀಳ್ ಸಮಿತಿಯೂ 2011ರ ವರದಿಯಲ್ಲಿ ಅದಕ್ಕೆ ಅನುಮತಿ ಬೇಡ ಎಂದಿತು. ಆಗ ಓಡಾಡಿದವರು ನಿಮ್ಮ ಸುತ್ತಮುತ್ತ ಇದ್ದಾರೆ. ಅರ್ಜಿ ಬರೆಯುವುದು ಹೇಗೆ, ಯಾವ ಕಚೇರಿಯಲ್ಲಿ ಯಾವ ಮೇಜು ಎಂದು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಇನ್ನು ಸಸಿ. ಸಾವಿರ ಬೇಡ. ಬನದ ಒಳಗೆ ಒಂದೂ ಬೇಡ. ಒಳಗೆ ಕೂತು ನೆಲ ನೋಡಿ, ತಾಯಿ ಮರದಡಿ ಗೇಣುದ್ದದ ಸಸಿಗಳು ನೂರಾರು ಇರುತ್ತವೆ. ನರ್ಸರಿಯ ಸಸಿಗಿಂತ ಅವು ಗಟ್ಟಿ. ಅವಕ್ಕೆ ಬೇಕಾದದ್ದು ದನ ಬರದಿರುವುದು, ಬೆಂಕಿ ಬೀಳದಿರುವುದು, ತರಗೆಲೆ ಗುಡಿಸದಿರುವುದು. ಜನವರಿ ಮುಗಿಯುವುದರೊಳಗೆ ಬನದ ಸುತ್ತ ಬೆಂಕಿಗೆರೆ ತೆಗೆಯಿರಿ. ಬೀಟೆ ಬೇರಿನಿಂದಲೇ ಚಿಗುರೊಡೆಯುತ್ತದೆ. ಹಳೆಯ ಬೀಟೆಯ ಸುತ್ತ ನಾಲ್ಕು ಮಾರು ದೂರದವರೆಗೂ ಹುಡುಕಿ, ಸಿಕ್ಕಿದ್ದಕ್ಕೆ ಗೂಟ ಹೊಡೆಯಿರಿ.

ನೆಡುವುದಿದ್ದರೆ ಹಾಳಾದ ಆ ಅಂಚಿನಲ್ಲಿ ನೆಡಿ. ಅಂಚು ತೆರೆದರೆ ಬಿಸಿಲೂ ಗಾಳಿಯೂ ಒಳಗೆ ನುಗ್ಗುತ್ತವೆ, ಲಂಟಾನ, ಯುಪಟೋರಿಯಂನಂಥ ಕಳೆ ಹಬ್ಬುತ್ತದೆ, ಬೇಸಿಗೆಯಲ್ಲಿ ಅದೇ ಬೆಂಕಿಗೆ ಸೌದೆ. ಅಲ್ಲಿ ಧೂಪ ನೆಟ್ಟರೆ ಸುಟ್ಟುಹೋಗುತ್ತದೆ, ಎಳೆಯದರಲ್ಲಿ ಅದಕ್ಕೆ ನೆರಳು ಬೇಕು. ಮೊದಲು ಗೋಣಿ, ಬಸರಿಯ ದಪ್ಪ ಗೂಟಗಳನ್ನು ಮಳೆ ಹಿಡಿಯುವ ಹೊತ್ತಿಗೆ ಊರಿ, ಚಿಗುರುತ್ತವೆ. ಅವು ಹಣ್ಣು ಬಿಡುವ ಕಾಲಕ್ಕೆ ಮಂಗಟ್ಟೆ ಹಕ್ಕಿ ಬಂದು ಉಳಿದ ಬೀಜಗಳನ್ನು ತಾನೇ ತಂದು ಹಾಕುತ್ತದೆ. ಸಂಬಳ ಕೇಳದ ಆಳು ಅದು. ಎರಡು ಮೂರು ವರ್ಷದಲ್ಲಿ ನೆರಳು ಬಂದ ಮೇಲೆ ಅದರಡಿ ಹೆಬ್ಬಲಸು, ಧೂಪ ಹಾಕಿ.

ನಿಮ್ಮದು ಬಿಳಿಧೂಪವೋ ಕರಿಧೂಪವೋ ಬರೆದಿಲ್ಲ. ಬಿಳಿಧೂಪ ಆಗಿದ್ದರೆ ಬೀಜ ಬೀಳುವುದು ಮಳೆ ಶುರುವಾಗುವ ಹೊತ್ತಿಗೆ. ಒಣಗಿಸಿ ಡಬ್ಬಿಯಲ್ಲಿಟ್ಟರೆ ಸತ್ತಿತು. ಬಿದ್ದ ವಾರದಲ್ಲೇ ಆರಿಸಿ ಮಣ್ಣಿಗೆ ಹಾಕಬೇಕು, ಹೆಬ್ಬಲಸೂ ಹಾಗೆಯೇ. ಆ ವಾರ ನಿಮ್ಮ ಏಳೂ ಜನರಿಗೆ ಬನದಲ್ಲೇ ಕೆಲಸ. ಹಾಗಾಗಿ ಜಂಟಿ ಸರ್ವೆಯ ಅರ್ಜಿಯನ್ನು ಈ ತಿಂಗಳೇ ಕೊಟ್ಟುಬಿಡಿ. ಒಮ್ಮೆ ಮಳೆ ಹಿಡಿದರೆ ಆ ಇಳಿಜಾರಿನಲ್ಲಿ ಅಳತೆಗೆ ಯಾರೂ ಬರುವುದಿಲ್ಲ, ಇಂಬಳ ಬೇರೆ.